ಅಪರಾಧವೇ ಇಲ್ಲದ ಸಮಾಜ ಇದೆಯೇ? ಡರ್ಕೈಮ್ ಮತ್ತು ಮರ್ಟನ್ ಹೇಳಿದ್ದೇನು?

ಕಳ್ಳತನ, ಮೋಸ, ಹೊಡೆದಾಟದ ಸುದ್ದಿ ಬಂದಾಗಲೆಲ್ಲ 'ಕಾಲ ಕೆಟ್ಟು ಹೋಯ್ತು' ಅನ್ನುವುದು ರೂಢಿ. ಹಾಗಾದರೆ ಅಪರಾಧವೇ ಇಲ್ಲದ ಕಾಲ ಯಾವುದಿತ್ತು? ಅಂಥದ್ದು ಇರಲೇ ಇಲ್ಲ ಎಂದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ (1858-1917). ಸಮಾಜದಲ್ಲಿರುವ ಪ್ರತಿಯೊಂದೂ ಇಡೀ ಸಮಾಜಕ್ಕೆ ಏನು ಕೆಲಸ ಮಾಡಿಕೊಡುತ್ತದೆ ಅಂತ ನೋಡುವ ಈ ದೃಷ್ಟಿಯೇ ಫಂಕ್ಷನಲಿಸಂ, ಅಂದರೆ ಪ್ರಕಾರ್ಯವಾದ.

ಸಂತರ ಊರಿನಲ್ಲೂ ತಪ್ಪು

1895ರ ತಮ್ಮ ಕೃತಿಯಲ್ಲಿ ಡರ್ಕೈಮ್ ಒಂದು ಉದಾಹರಣೆ ಕೊಡುತ್ತಾರೆ. ಬರೀ ಸಂತರೇ ಇರುವ ಸಮಾಜ ಅಂತ ಇಟ್ಟುಕೊಳ್ಳಿ. ಅಲ್ಲಿ ಕೊಲೆ, ದರೋಡೆ ಇರಲಿಕ್ಕಿಲ್ಲ. ಆದರೆ ನಮಗೆ ಸಣ್ಣದೆನಿಸುವ ತಪ್ಪೇ ಅವರಿಗೆ ದೊಡ್ಡ ಅಪರಾಧವಾಗಿ ಕಾಣುತ್ತದೆ.

ಅವರ ಪ್ರಕಾರ ತಪ್ಪಿತಸ್ಥನಿಗೆ ಶಿಕ್ಷೆಯಾದಾಗ ಉಳಿದವರಿಗೆ ಗೆರೆ ಎಲ್ಲಿದೆ ಅಂತ ನೆನಪಾಗುತ್ತದೆ, ಒಗ್ಗಟ್ಟು ಹೆಚ್ಚುತ್ತದೆ. ಇನ್ನು ಕೆಲವೊಮ್ಮೆ ಇಂದಿನ 'ಅಪರಾಧಿ' ನಾಳೆಯ ದಾರಿ ತೋರಿಸಿರುತ್ತಾನೆ. ಅಥೆನ್ಸಿನ ಕಾನೂನಿನ ಪ್ರಕಾರ ಸಾಕ್ರೆಟಿಸ್ ಅಪರಾಧಿಯೇ ಆಗಿದ್ದರು.

ಹಾಗಂತ ಅಪರಾಧ ಒಳ್ಳೆಯದು ಅಂತ ಡರ್ಕೈಮ್ ಹೇಳಲಿಲ್ಲ. ಅದು ಮಿತಿಮೀರಿದರೆ ಸಮಾಜಕ್ಕೆ ಕಾಯಿಲೆ ಬಂದಿದೆ ಎಂದೇ ಅರ್ಥ.

ಗುರಿ ಒಂದೇ, ದಾರಿ ಬೇರೆ

ಅಮೆರಿಕದ ರಾಬರ್ಟ್ ಮರ್ಟನ್ 1938ರಲ್ಲಿ ಈ ಚರ್ಚೆಯನ್ನು ಮುಂದಕ್ಕೆ ಒಯ್ದರು. ಅಮೆರಿಕದ ಸಮಾಜ 'ದುಡ್ಡು ಮಾಡು, ಮೇಲೆ ಬಾ' ಅಂತ ಎಲ್ಲರಿಗೂ ಹೇಳುತ್ತದೆ. ಆದರೆ ಒಳ್ಳೆಯ ಶಾಲೆ, ಕೆಲಸ, ಬಂಡವಾಳ ಎಲ್ಲರಿಗೂ ಸಿಗುವುದಿಲ್ಲ. ಈ ಒತ್ತಡದಲ್ಲಿ ಜನ ಐದು ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ಹೆಚ್ಚಿನವರು ನೇರ ದಾರಿಯಲ್ಲೇ ದುಡಿಯುತ್ತಾರೆ. ಕೆಲವರು ಗುರಿ ಇಟ್ಟುಕೊಂಡು ಅಡ್ಡದಾರಿ ಹಿಡಿಯುತ್ತಾರೆ. ಕೆಲವರು ಮೇಲೆ ಬರುವ ಆಸೆ ಬಿಟ್ಟು ನಿಯಮ ಮಾತ್ರ ಪಾಲಿಸುತ್ತಾರೆ. ಕೆಲವರು ಎರಡನ್ನೂ ಬಿಟ್ಟು ಕುಡಿತ, ಅಮಲಿಗೆ ಬೀಳುತ್ತಾರೆ. ಕೊನೆಯವರು ವ್ಯವಸ್ಥೆಯನ್ನೇ ಬದಲಿಸಲು ಹೊರಡುತ್ತಾರೆ.

ಅಡ್ಡದಾರಿ ಹಿಡಿದವನಿಗೂ ನೇರವಾಗಿ ದುಡಿಯುವವನಿಗೂ ಬೇಕಾದದ್ದು ಒಂದೇ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. ದುಡ್ಡನ್ನು ಮಾತ್ರ ಹೊಗಳಿ, ಅದು ಬಂದ ದಾರಿಯನ್ನು ಕೇಳದ ಸಮಾಜವೂ ಆ ತಪ್ಪಿನಲ್ಲಿ ಪಾಲುದಾರ.

1960ರಲ್ಲಿ ಕ್ಲೋವರ್ಡ್ ಮತ್ತು ಓಲಿನ್ ಇನ್ನೊಂದು ಮಾತು ಸೇರಿಸಿದರು. ಅಡ್ಡದಾರಿಗೂ ಅವಕಾಶ ಬೇಕು. ಪಳಗಿದ ಅಪರಾಧಿಗಳು ಬೇರೂರಿರುವ ಕಡೆ ಹುಡುಗರು ಅವರ ಕೈಕೆಳಗೆ ಆ ದಂಧೆ ಕಲಿಯುತ್ತಾರೆ. ಅದೂ ಇಲ್ಲದ ಕಡೆ ಬೀದಿ ಜಗಳಕ್ಕೆ ಇಳಿಯುತ್ತಾರೆ. ಎರಡರಲ್ಲೂ ಸೋತವರು ಡ್ರಗ್ಸ್ ಕಡೆ ಹೋಗುತ್ತಾರೆ.

ಗೆರೆ ಎಳೆಯುವವರು ಯಾರು?

ಈ ವಾದಕ್ಕೆ ಆಕ್ಷೇಪಗಳೂ ಇವೆ. ಬಡತನದ ಒತ್ತಡವೇ ಕಾರಣವಾದರೆ ಶ್ರೀಮಂತರು, ಅಧಿಕಾರದಲ್ಲಿರುವವರು ಮಾಡುವ ವಂಚನೆಗೆ ಏನು ಹೇಳುವುದು? ಶಿಕ್ಷೆಯಿಂದ ಒಗ್ಗಟ್ಟು ಬರುತ್ತದೆ ಎಂದಾದರೆ ಆ ಒಗ್ಗಟ್ಟಿನ ಬೆಲೆ ತೆತ್ತವರು ಯಾರು?

ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟಗಾತಿಯರ ಬೇಟೆ ನಡೆಯಿತು. 19 ಜನರನ್ನು ಗಲ್ಲಿಗೇರಿಸಲಾಯಿತು. 1966ರಲ್ಲಿ ಕೈ ಎರಿಕ್ಸನ್ ಇದನ್ನು ಡರ್ಕೈಮ್ ದೃಷ್ಟಿಯಲ್ಲೇ ವಿವರಿಸಿದರು: ತನ್ನ ಗುರುತಿನ ಬಗ್ಗೆ ಗೊಂದಲಕ್ಕೆ ಬಿದ್ದ ಸಮಾಜ ತನ್ನ ಗೆರೆಯನ್ನು ಮತ್ತೆ ಗಟ್ಟಿಮಾಡಿಕೊಳ್ಳಲು ಹೊರಟಿತ್ತು. ಆದರೆ ಸತ್ತವರು ನಿರಪರಾಧಿಗಳು.

ಹಾಗಾಗಿ ಅಪರಾಧದ ಕಾರಣ ತಿಳಿಯುವುದೆಂದರೆ ಅದನ್ನು ಮನ್ನಿಸುವುದಲ್ಲ. ಹುಡುಗನೊಬ್ಬ ದಾರಿ ತಪ್ಪಿದ್ದಾನೆ ಅಂದಾಗ ಬೈಯುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಅವನಿಗೆ ನೇರ ದಾರಿ ತೆರೆದಿತ್ತೇ? ಅವನ ಮೇಲಿನ ಆರೋಪ ನಿಜವೇ, ಅಥವಾ ಯಾರೋ ಗೆರೆ ಎಳೆಯಲು ಅವನು ಸಿಕ್ಕಿಬಿದ್ದನೇ?