ಟ್ಯಾಂಕಿನ ಹೊಟ್ಟೆಯಡಿ ತೆವಳಿದ ಕಾರವಾರದ ವೀರ

ಮಳೆಗಾಲದಲ್ಲಿ ರಟ್ಟೀಹಳ್ಳಿ ಸುತ್ತಿನ ಎರೆಹೊಲಕ್ಕೆ ಹೇರು ತುಂಬಿದ ಚಕ್ಕಡಿ ಇಳಿದರೆ ಗಾಲಿ ಹೂತುಹೋಗುತ್ತದೆ. ಭಾರವೆಲ್ಲ ಗಾಲಿ ನೆಲ ಮುಟ್ಟುವ ಅಂಗೈಯಗಲದ ಜಾಗದ ಮೇಲೆ ಬೀಳುವುದೇ ಇದಕ್ಕೆ ಕಾರಣ. ಟನ್‌ಗಟ್ಟಲೆ ತೂಗುವ ಯುದ್ಧಟ್ಯಾಂಕ್ ಮಾತ್ರ ಕೆಸರಿನಲ್ಲೂ ಸಾಗಬಲ್ಲದು. ಅದರ ಗಾಲಿಗಳು ನೆಲ ಮುಟ್ಟುವುದಿಲ್ಲ. ಕೊಂಡಿಗೆ ಕೊಂಡಿ ಹೆಣೆದ ಪಟ್ಟಿಯ ಮೇಲೆ ಉರುಳುತ್ತವೆ. ಉದ್ದಗಲದ ಪಟ್ಟಿ ಭಾರವನ್ನು ಹರಡುತ್ತದೆ. ಒಂದು ಬದಿಯ ಪಟ್ಟಿಯನ್ನು ನಿಧಾನಿಸಿದರೆ ಟ್ಯಾಂಕ್ ಆ ಕಡೆಗೆ ಹೊರಳುತ್ತದೆ.

ಈ ಪಟ್ಟಿಯೇ ಅದರ ಮರ್ಮಸ್ಥಾನ. ಟ್ಯಾಂಕ್ ನಿರೋಧಕ ನೆಲಬಾಂಬ್ ಸಿಡಿಯಲು ಸಾಮಾನ್ಯವಾಗಿ 100 ಕೆ.ಜಿ.ಗೂ ಹೆಚ್ಚಿನ ಒತ್ತಡ ಬೇಕು. ಪಟ್ಟಿ ಅದರ ಮೇಲೆ ಹತ್ತಿದರೆ ಸ್ಫೋಟ. ಎರಡು ಪಟ್ಟಿಗಳ ನಡುವೆ ಉಳಿದುಹೋದರೆ ಟ್ಯಾಂಕ್ ಪಾರು. ಪಟ್ಟಿ ಹರಿದ ಟ್ಯಾಂಕ್ ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ನಿಂತುಬಿಟ್ಟರೆ ಹಿಂದಿನವೂ ಮುಂದೆ ಸಾಗಲಾರವು. ಬಾಗಿಲು ಮುಚ್ಚಿ ಕೂತ ಚಾಲಕನಿಗೆ ತನ್ನ ಪಟ್ಟಿಯ ಎದುರಿನ ನೆಲ ಕಾಣುವುದಿಲ್ಲ. ಎಂಜಿನ್ನಿನ ಅಬ್ಬರದಲ್ಲಿ ಹೊರಗಿನ ಕೂಗೂ ಕೇಳುವುದಿಲ್ಲ.

1948ರ ಏಪ್ರಿಲ್‌ನಲ್ಲಿ, ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದ ವೇಳೆ, ಜಮ್ಮುವಿನ ನೌಶೇರಾದಿಂದ ರಾಜೌರಿಗೆ ಹೊರಟ ನಮ್ಮ ಸ್ಟುವರ್ಟ್ ಟ್ಯಾಂಕುಗಳಿಗೆ ಎದುರಾದದ್ದು ಇದೇ ತೊಡಕು. ದಾರಿ ತೆರವುಗೊಳಿಸುವ ಹೊಣೆ ಕಾರವಾರ ಸಮೀಪದ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆಯವರ ಮೇಲಿತ್ತು. ಅವರು ಬಾಂಬೆ ಎಂಜಿನಿಯರ್ಸ್ ಪಡೆಯವರು. ಏಪ್ರಿಲ್ 8ರಂದು ಶತ್ರುಗಳ ಮಾರ್ಟರ್ ಶೆಲ್‌ಗಳ ಸುರಿಮಳೆಗೆ ಅವರ ಇಬ್ಬರು ಸಂಗಡಿಗರು ಸತ್ತರು, ರಾಣೆಯವರೂ ಗಾಯಗೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಚಾಲಕನಿಗೆ ಕಾಣದ ನೆಲವನ್ನು ತಾವೇ ನೋಡಲೆಂದು ಅವರು ಟ್ಯಾಂಕಿನ ಅಡಿಗೆ ನುಗ್ಗಿದರು. ಸ್ಟುವರ್ಟ್‌ನ ತಳಕ್ಕೂ ನೆಲಕ್ಕೂ ಇರುವ ಅಂತರ ಒಂದೂವರೆ ಅಡಿಯೂ ಇಲ್ಲ. ಆ ಸಂದಿಯಲ್ಲಿ, ಎರಡು ಪಟ್ಟಿಗಳ ನಡುವೆ, ಟ್ಯಾಂಕಿನೊಂದಿಗೇ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಸೂಚನೆ ಕೊಡುತ್ತ ಅದನ್ನು ನೆಲಬಾಂಬ್‌ಗಳಾಚೆ ದಾಟಿಸಿದರು. ಅಡ್ಡಗಟ್ಟಿದ್ದ ಪೈನ್ ಮರಗಳನ್ನು ಸ್ಫೋಟಿಸಿ ತೆಗೆದರು. 12ರಂದು ನಮ್ಮ ಸೇನೆ ರಾಜೌರಿ ಸೇರಿತು.

ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ರಾಣೆಯವರೇ ಮೊದಲಿಗರು. ಯಂತ್ರದ ಬಲ ಎಲ್ಲಿ ಮುಗಿಯುತ್ತದೆಂದು ಅರಿತು, ಅಲ್ಲಿ ತನ್ನ ಮೈಯನ್ನೇ ಒಡ್ಡಿದ ಎಂಜಿನಿಯರ್ ಅವರು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ಅಲ್ಲಿಗೆ ಪ್ರವಾಸ ಹೋದಾಗ ಮಕ್ಕಳಿಗೆ ಪಕ್ಕದಲ್ಲೇ ಪ್ರದರ್ಶನಕ್ಕಿಟ್ಟ ಯುದ್ಧನೌಕೆಯನ್ನಷ್ಟೇ ತೋರಿಸಬೇಡಿ; ಆ ಪ್ರತಿಮೆಯ ಮುಂದೆ ನಿಲ್ಲಿಸಿ, ಈ ಕಥೆಯನ್ನೂ ಹೇಳಿ.