ಸೆಟೆದ ಕಾಲಿನ ನಡಿಗೆ

ಚನ್ನಗಿರಿ ಸೀಮೆಯ ನಮ್ಮ ತೋಟದಲ್ಲಿ ಅಡಿಕೆ ಮರದಿಂದ ಬಿದ್ದು ದೊಡ್ಡಪ್ಪನವರ ತಲೆಗೆ ಪೆಟ್ಟಾಯಿತು. ಜೀವವೇನೋ ಉಳಿಯಿತು, ಆದರೆ ಕೆಲವು ವಾರಗಳಲ್ಲಿ ಎಡಗಾಲು ಕೊರಡಿನಂತೆ ಸೆಟೆದು, ಹಿಮ್ಮಡಿ ಮೇಲೆದ್ದು, ನಡೆಯುವಾಗ ಬೆರಳು ನೆಲ ಗೀರತೊಡಗಿತು. ನರ ಹಿಡಿದಿದೆಯೆಂದು ಮನೆಯವರು ಎಣ್ಣೆ ಕಾಸಿ ತಿಕ್ಕಿದರು. ನಾನು ಬಲವಾಗಿ ಜಗ್ಗಿದೆ. ಜಗ್ಗಿದಷ್ಟೂ ಕಾಲು ಬಿಗಿಯಿತು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ವೈದ್ಯರನ್ನು ಕೇಳಿ ಇದರ ಕಾರಣವನ್ನು ತಿಳಿಯುವ ಹೊಣೆಯೂ ನನ್ನದಾಯಿತು.

ದೋಷವಿದ್ದುದು ಕಾಲಿನಲ್ಲಲ್ಲ, ಮಿದುಳಿನಲ್ಲಿ. ಸ್ನಾಯುವನ್ನು ಎಳೆದೊಡನೆ ಅದು ತಾನಾಗಿ ಕುಗ್ಗುವಂತೆ ಬೆನ್ನುಹುರಿಯಲ್ಲಿ ಒಂದು ಏರ್ಪಾಡಿದೆ. ಮಂಡಿಯ ಕೆಳಗೆ ವೈದ್ಯರು ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದು ಇದರಿಂದಲೇ. ಮಿದುಳು ಇದಕ್ಕೆ ಸದಾ ಕಡಿವಾಣ ಹಾಕಿರುತ್ತದೆ; ಪೆಟ್ಟಿನಿಂದ ಕಡಿವಾಣ ತಪ್ಪಿದರೆ ಅಲ್ಪ ಎಳೆತಕ್ಕೂ ಸ್ನಾಯು ಬಿಗಿಯುತ್ತದೆ. ಎಳೆತದ ವೇಗ ಹೆಚ್ಚಿದಷ್ಟೂ ಪ್ರತಿರೋಧ ಹೆಚ್ಚುವುದೇ ಇದರ ಲಕ್ಷಣವೆಂದು ಆಸ್ಟ್ರೇಲಿಯದ ನರವೈದ್ಯ ಜೇಮ್ಸ್ ಲ್ಯಾನ್ಸ್ 1980ರಲ್ಲಿ ಹೇಳಿದರು. ನಾನು ಮಾಡಿದ ತಪ್ಪು ಅಲ್ಲಿಯೇ ಇತ್ತು. ನಿಧಾನವಾಗಿ ಚಾಚಿ ಹಿಡಿದರೆ ಅದೇ ಕಾಲು ಎಷ್ಟೋ ಸಡಿಲುತ್ತದೆ. ಮಲಬದ್ಧತೆ, ಮೂತ್ರದ ಸೋಂಕು, ಹಾಸಿಗೆ ಹುಣ್ಣುಗಳಿಂದಲೂ ಬಿಗಿತ ಏರುವುದುಂಟು. ಅವನ್ನು ಮೊದಲು ನೋಡಬೇಕು.

ಬ್ಯಾಕ್ಲೊಫೆನ್ ಗುಳಿಗೆ ಮೈಯ ಬಿಗಿತವನ್ನೆಲ್ಲ ತಗ್ಗಿಸುತ್ತದೆ, ಜೊತೆಗೆ ಮಂಪರನ್ನೂ ತರುತ್ತದೆ. ಹಠಾತ್ತಾಗಿ ನಿಲ್ಲಿಸುವುದು ಅಪಾಯ. ಬೊಟುಲಿನಮ್ ಎಂಬುದು ಬ್ಯಾಕ್ಟೀರಿಯದ ವಿಷ. ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಮೀನಖಂಡಕ್ಕೆ ಚುಚ್ಚಿದರೆ ನರದ ಆಜ್ಞೆ ಆ ಸ್ನಾಯುವಿಗೆ ಮುಟ್ಟದು. ಇದರ ಗುಣ ಸುಮಾರು 3 ತಿಂಗಳು.

ಹಾಗಾದರೆ ಬಿಗಿತವನ್ನೆಲ್ಲ ಕಳೆದುಬಿಡೋಣವೆಂದು ನಾನು ಕೇಳಿದ್ದೆ. ಬೇಡವೆಂದರು ವೈದ್ಯರು. ಬಲಗುಂದಿದ ಕಾಲಿಗೆ ಕೆಲವೊಮ್ಮೆ ಆ ಬಿಗಿತವೇ ಕಂಬ. ಪೂರ್ತಿ ಸಡಿಲಿಸಿದರೆ ಮಂಡಿ ಮಡಚಿ ರೋಗಿ ಬೀಳಬಹುದು. ಆದುದರಿಂದ ಮೊದಲು ನಡೆಸಿ ನೋಡಿ, ಅಡ್ಡಿಯಾಗಿರುವ ಸ್ನಾಯುವನ್ನಷ್ಟೇ ಸಡಿಲಿಸುತ್ತಾರೆ. ಸಡಿಲಾದ ಮಾತ್ರಕ್ಕೆ ನಡಿಗೆ ಬಾರದು, ದಿನವೂ ನಡೆಯಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಚುಚ್ಚುಮದ್ದಿಗಾಗಿ 3 ತಿಂಗಳಿಗೊಮ್ಮೆ ದೂರದ ಊರಿಗೆ ಬಸ್ಸು ಹತ್ತಬಹುದು. ನಿತ್ಯದ ಅಭ್ಯಾಸಕ್ಕೆ ಹತ್ತಲಾದೀತೆ? ಅದು ಮನೆಯಂಗಳದಲ್ಲಿಯೇ ಆಗಬೇಕು, ಮನೆಯವರಿಗೆ ಯಾರಾದರೂ ಕಲಿಸಿಕೊಡಬೇಕು.

ದೊಡ್ಡಪ್ಪನವರೀಗ ಪಾದ ಎತ್ತಿ ಹಿಡಿಯುವ ಪಟ್ಟಿ ಕಟ್ಟಿಕೊಂಡು, ಕೋಲೂರಿ ಜಗಲಿಯಿಂದ ಕೊಟ್ಟಿಗೆಯವರೆಗೆ ಹೋಗಿಬರುತ್ತಾರೆ. ತೋಟದ ದಾರಿ ಇಳಿಜಾರು. ಅಲ್ಲಿ ಇನ್ನೂ ಕೈಹಿಡಿಯಬೇಕು.