ಒಂದೇ ರೈಲುಹಳಿ, ಊರೂರಿಗೂ ಗಂಧರ್ವರು

ಭೂಪಟ ಬಿಡಿಸಿ ಕುಂದಗೋಳದ ಮೇಲೆ ಬೆರಳಿಡಿ. ರೈಲುಹಳಿಯ ಗುಂಟ ಹಾಗೇ ಉತ್ತರಕ್ಕೆ ಸರಿಯುತ್ತ ಹೋಗಿ. ಕುಂದಗೋಳ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರು ಬಾಳಿದ ಊರು. ಮುಂದೆ ಹುಬ್ಬಳ್ಳಿ, ಗಂಗೂಬಾಯಿ ಹಾನಗಲ್ಲರದು. ಧಾರವಾಡ ಮುಟ್ಟುವ ಮೊದಲೇ ಅಮರಗೋಳ. 1886ರಲ್ಲಿ ಸವಾಯಿ ಗಂಧರ್ವರು ಹುಟ್ಟಿದ್ದು ಅಲ್ಲಿ. ಧಾರವಾಡ ಮಲ್ಲಿಕಾರ್ಜುನ ಮನಸೂರರದು. ಬೆಳಗಾವಿ ದಾಟಿದರೆ ಸುಳೇಭಾವಿ, ಕುಮಾರ ಗಂಧರ್ವರ ಹುಟ್ಟೂರು. ಹಳಿ ಮೀರಜ ಸೇರಿದಲ್ಲಿ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಸಮಾಧಿ! ಅಬ್ಬಾ, ಒಂದೇ ಹಳಿ! ಒಂದು ದೇಶದ ಸಂಗೀತವನ್ನೇ ಬದಲಿಸಿದ ಕಂಠಗಳು ಹೀಗೆ ಸಾಲಾಗಿ ನಿಲ್ದಾಣಕ್ಕೊಂದರಂತೆ ಸಿಗುವ ದಾರಿ ಇನ್ನೆಲ್ಲಿದೆ?

ಆ ಹಳಿಯ ಪಕ್ಕದ ರಸ್ತೆ ಹಿಡಿದೇ ನಾವು ಕಾರಿನಲ್ಲಿ ಹೊರಟಿದ್ದು. ನಾನು, ನಮ್ಮ ಯಜಮಾನರು, ಗಂಗೂಬಾಯಿಯವರ ಹಾಡು ಕೇಳಿಯೇ ಬೆಳೆದ ನಮ್ಮತ್ತೆ, ಹಿಂದಿನ ಸೀಟಿನಲ್ಲಿ ತಂಬೂರಿ ಕಲಿಯುತ್ತಿರುವ ಮಗಳು.

ಇಷ್ಟೊಂದು ಹಿಂದುಸ್ತಾನಿ ಗಾಯಕರು ಕನ್ನಡದ ಈ ಕರಿಮಣ್ಣಿನಲ್ಲೇ ಯಾಕೆ ಹುಟ್ಟಿದರು ಎಂದು ಮಗಳು ಕೇಳಿದ್ದಳು. ಉತ್ತರ ಕಣ್ಣೆದುರೇ ಮಲಗಿತ್ತು. ಮೈಸೂರು ಅರಮನೆ ಉತ್ತರದ ಉಸ್ತಾದರನ್ನು ಕರೆಸಿಕೊಳ್ಳುತ್ತಿತ್ತು. ಅವರು ಮುಂಬಯಿ, ಮೀರಜ ಕಡೆಯಿಂದ ಇದೇ ಹಳಿಯ ಮೇಲೆ ಬರಬೇಕು, ಇದೇ ಹಳಿಯ ಮೇಲೆ ಮರಳಬೇಕು. ನಡುವೆ ಇಳಿದು ಧಾರವಾಡ, ಹುಬ್ಬಳ್ಳಿಯ ರಸಿಕರ ಮನೆಗಳಲ್ಲಿ ತಂಗುತ್ತಿದ್ದರು, ಹಾಡುತ್ತಿದ್ದರು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಮರಾಠಿ ನಾಟಕ ಕಂಪನಿಗಳು ಪದಗಳನ್ನು ಹೊತ್ತು ಊರೂರು ತಿರುಗುತ್ತಿದ್ದವು. ಹೀಗೆ ಬಂದಿಳಿದ ಅಬ್ದುಲ್ ಕರೀಂ ಖಾನರು ಧಾರವಾಡದ ಶುಕ್ರವಾರಪೇಟೆಯಲ್ಲಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲು ಹೋಗುತ್ತಿದ್ದರು. ಆ ಅಂಬಾಬಾಯಿಯ ಮಗಳೇ ಗಂಗೂಬಾಯಿ!

ಕುಂದಗೋಳದಲ್ಲಿ ನಾಡಗೀರರ ವಾಡೆಯ ಮುಂದೆ ಕಾರು ನಿಲ್ಲಿಸಿದಾಗ ನಮ್ಮತ್ತೆ ಚಪ್ಪಲಿಯನ್ನು ಹೊರಗೇ ಬಿಟ್ಟರು. ದಪ್ಪ ಗೋಡೆ, ಕಟ್ಟಿಗೆಯ ಕಂಬಗಳು. ನಾನಾಸಾಹೇಬ ನಾಡಗೀರರು ಕಲಾವಿದರಿಗೆ ಬಾಗಿಲು ತೆರೆದಿಟ್ಟ ಮನೆ ಇದು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಇಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಪುಣೆಯಲ್ಲಿ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಮಹೋತ್ಸವ ಲೋಕಪ್ರಸಿದ್ಧ. ಆದರೆ ಗುರು ಬಾಳಿ ಬದುಕಿದ ಊರಿನ ಈ ವಾಡೆಯಲ್ಲಿ ನೆಲದ ಮೇಲೆ ಕೂತು ಕೇಳುವ ಭಾಗ್ಯವೇ ಬೇರೆ ಎಂದು ನನಗೆ ಖಚಿತವಾಗಿ ಅನಿಸಿತು.

ಆ ಭೀಮಸೇನರ ಕಥೆಯನ್ನು ಮಗಳಿಗೆ ಹೇಳಿದ್ದು ಅಲ್ಲೇ, ಕಂಬಕ್ಕೆ ಒರಗಿ. ಹನ್ನೊಂದರ ಹುಡುಗ 1933ರಲ್ಲಿ ಗುರುವನ್ನು ಹುಡುಕಿ ಗದಗಿನ ಮನೆ ಬಿಟ್ಟು ಓಡಿದ. ಟಿಕೆಟ್ಟಿಲ್ಲ, ಕಾಸಿಲ್ಲ. ಗ್ವಾಲಿಯರ್, ಕಲ್ಕತ್ತಾ ಎಂದು ಅಲೆದು ಕೊನೆಗೆ ಜಲಂಧರ ಮುಟ್ಟಿದ. ಅಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು ಏನು ಹೇಳಿದರು ಗೊತ್ತೆ? ನಿನ್ನ ಗುರು ನಿನ್ನೂರಿನ ಮಗ್ಗುಲಲ್ಲೇ, ಕುಂದಗೋಳದಲ್ಲೇ ಇದ್ದಾರೆ ಎಂದು! ಹುಡುಗ ಮರಳಿ ಬಂದ. ಗುರುಮನೆಗೆ ಕೊಡಗಟ್ಟಲೆ ನೀರು ಹೊತ್ತ, ಕಲಿತ. ಅದೇ ಹೊತ್ತಿಗೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬಂದು ಹೋಗುತ್ತಿದ್ದರು. ಒಂದೇ ಸ್ವರಗುಚ್ಛವನ್ನು ಗುರುಗಳು ದಿನಗಟ್ಟಲೆ ಹಾಡಿಸುತ್ತಿದ್ದರಂತೆ. ಸಂಜೆ ರೈಲಿಗೆ ಬಿಡಲು ನಿಲ್ದಾಣದವರೆಗೆ ಜೊತೆಗೆ ಹೋಗುತ್ತಿದ್ದ ಭೀಮಸೇನ, ಇವತ್ತೇನು ಹೇಳಿಕೊಟ್ಟರು ಎಂದು ಅವರನ್ನು ಕೇಳಿ ತಿಳಿಯುತ್ತಿದ್ದ.

"ಅಂದ್ರೆ ಈ ರೋಡಲ್ಲೇ ನಡೀತಿದ್ರಾ ಅಮ್ಮಾ?" ಎಂದಳು ಮಗಳು. ಉತ್ತರಕ್ಕೂ ಕಾಯದೆ ಅಜ್ಜಿಯ ಕೈ ಹಿಡಿದು ನಿಲ್ದಾಣದ ದಾರಿ ಹಿಡಿದೇಬಿಟ್ಟಳು. ನಾವು ಕಾರನ್ನು ಬಿಟ್ಟು ಹಿಂದೆ ಓಡಿದೆವು.

ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಮನೆ, ಧಾರವಾಡದಲ್ಲಿ ಮನಸೂರರ ‘ಮೃತ್ಯುಂಜಯ’. ಎರಡೂ ನಮ್ಮ ನಿಮ್ಮ ಮನೆಯಂಥ ಮನೆಗಳೇ. ಮನಸೂರರ 1992ರ ಪದ್ಮವಿಭೂಷಣ ಬಂದದ್ದು ಇಂಥ ಅಂಗಳಕ್ಕೆ! ಪೇಢೆ ಕಟ್ಟಿಸಿಕೊಳ್ಳುವುದನ್ನೂ ಮರೆಯಲಿಲ್ಲ ಬಿಡಿ.

ಹಳಿ ಬಿಟ್ಟು ಗದಗಿಗೆ ಅಡ್ಡ ತಿರುಗದೆ ಇರಲಾಗಲಿಲ್ಲ. ವೀರೇಶ್ವರ ಪುಣ್ಯಾಶ್ರಮಕ್ಕೆ ಕಾಲಿಟ್ಟರೆ ಒಂದು ಮೂಲೆಯಲ್ಲಿ ತಬಲಾ, ಇನ್ನೊಂದರಲ್ಲಿ ಹಾರ್ಮೋನಿಯಂ, ಮೇಲಿನಿಂದ ಯಾರದೋ ಆಲಾಪ, ಎಲ್ಲ ಒಟ್ಟಿಗೆ! ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟು ಬೆಳೆಸಿದ ಪರಂಪರೆ ಇದು. ಬಸವರಾಜ ರಾಜಗುರುಗಳು ಅವರ ಶಿಷ್ಯರು. ಪಂಚಾಕ್ಷರಿ ಗವಾಯಿಗಳ ನಂತರ ಆಶ್ರಮ ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ, 2010ರವರೆಗೆ ಬಾಳಿದರು. ಬ್ರೈಲ್‌ನಲ್ಲಿ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. ಒಬ್ಬ ಪುಟ್ಟ ಹುಡುಗ ನಮ್ಮ ಹೆಜ್ಜೆ ಸದ್ದು ಕೇಳಿ "ಯಾವೂರ್ರೀ ಅಕ್ಕಾರ? ಕೂಡ್ರಿ, ಕೇಳ್ರಿ" ಎಂದು ಹೇಳಿ ಹಾರ್ಮೋನಿಯಂನ ತಿದಿ ಎಳೆದ. ಅವನು ಹಾಡು ಮುಗಿಸುವ ಮೊದಲೇ ನಮ್ಮ ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದರು.

ಮತ್ತೆ ಹಳಿಯ ದಾರಿಗೆ ಬಂದು, ಕಬ್ಬಿನ ಗದ್ದೆಗಳ ನಡುವೆ ಮೀರಜ ಸೇರಿದೆವು. ಇಲ್ಲಿನ ತಂಬೂರಿ, ಸಿತಾರ್ ಮಾಡುವ ಮನೆತನಗಳ ಮೂಲ ಕಸುಬು ಏನೆಂದು ಊಹಿಸಿ ನೋಡೋಣ. ಕತ್ತಿಗೆ ಸಾಣೆ ಹಿಡಿಯುವುದು! ಅವರು ಶಿಕಲಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳ ಕಾಲ ಮುಗಿಯುತ್ತ ಬಂದಾಗ ಫರೀದಸಾಹೇಬರು ವಾದ್ಯಗಳಿಗೆ ಕೈ ಹಾಕಿದರು. ಇರಿಯುವ ಅಲಗನ್ನು ಹರಿತ ಮಾಡಿದ ಕೈಗಳು ಇಂದು ನಾದವನ್ನು ಹರಿತ ಮಾಡುತ್ತಿವೆ. 2024ರಲ್ಲಿ ಮೀರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಅಂಗಡಿಯೊಳಗೆ ತಲೆಯ ಮೇಲೆಲ್ಲ ಬುರುಡೆಗಳು ತೂಗುತ್ತಿದ್ದವು. ಪಂಢರಪುರದ ಕಡೆ ಬೆಳೆಯುವ, ತಿನ್ನಲಾಗದ ಕಹಿ ಸೋರೆ ಅದು, ಒಣಗಿಸಿ ಟೊಳ್ಳು ಮಾಡಿದ್ದು. ಬಿರುಕಿಲ್ಲದ ದುಂಡನೆಯ ಬುರುಡೆಗೆ ಕಟ್ಟಿಗೆಯ ದಂಡಿ ಕೂಡಿಸಿದ ಮೇಲೂ ತಂಬೂರಿಗೆ ಜೀವ ಬರುವುದಿಲ್ಲ. ತಂತಿಗಳು ಕೂರುವ ಕುದುರೆಯ ಮೇಲ್ಮೈಯನ್ನು ಹಿರಿಯ ಕುಶಲಿಗರೊಬ್ಬರು ಅರದಿಂದ ಒಂದೇ ಒಂದು ಎಳೆ ಉಜ್ಜಿದರು, ಮೀಟಿದರು, ತಲೆಯಾಡಿಸಿದರು, ಮತ್ತೆ ಉಜ್ಜಿದರು. ಇದು ಜವಾರಿ. ಆಮೇಲೆ ತಂತಿಯ ಕೆಳಗೆ ಹತ್ತಿಯ ದಾರವೊಂದನ್ನು ಸರಿಸಿದರು. ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ. ಅಯ್ಯೋ, ಆ ಕ್ಷಣ! ಅದುವರೆಗೆ ಬರೀ ಟಣ್ ಎನ್ನುತ್ತಿದ್ದ ತಂತಿ ಒಮ್ಮೆಲೇ ಝೇಂಕರಿಸಿತು. ಒಂದು ತಂತಿಯೊಳಗಿಂದ ಹತ್ತು ಸ್ವರ ಎದ್ದು ಬಂದವು. ಮಗಳು ಕೈ ಮುಂದೆ ಚಾಚಿದಳು. ಅವರು ನಕ್ಕು ತಂಬೂರಿಯನ್ನು ಅವಳ ಮಡಿಲಿಗಿಟ್ಟರು.

ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಅಬ್ದುಲ್ ಕರೀಂ ಖಾನ್‌ಸಾಹೇಬರ ಸಮಾಧಿಗೆ ಹೂ ಹಾಕಿದೆವು. 1937ರಲ್ಲಿ ಮದ್ರಾಸಿನಾಚೆಯ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡರು. ದೇಹ ಇಲ್ಲಿಗೆ ಬಂತು. ಬದುಕೆಲ್ಲ ರೈಲಿನಲ್ಲಿ ಸುತ್ತಿದ ಉಸ್ತಾದರು ಕೊನೆಯುಸಿರೆಳೆದದ್ದೂ ನಿಲ್ದಾಣದಲ್ಲೇ!

ಅಲ್ಲಿಗೆ ನಮ್ಮ ಹಳಿ ಮುಗಿದಿತ್ತು, ಗಾಡಿ ಹಿಂದಕ್ಕೆ ತಿರುಗಬೇಕಿತ್ತು. ಆಗ ನಮ್ಮತ್ತೆಗೆ ನೆನಪಾಯಿತು: ಮನಸೂರರಿಗೆ ಕಲಿಸಿದ ಮಂಜೀಖಾನ್, ಭುರ್ಜೀಖಾನ್ ಇಬ್ಬರೂ ಅಲ್ಲಾದಿಯಾ ಖಾನರ ಮಕ್ಕಳು, ಆ ಅಲ್ಲಾದಿಯಾ ಖಾನರು ಶಾಹೂ ಮಹಾರಾಜರ ಆಸ್ಥಾನದಲ್ಲಿ ಹಾಡಿದ ಕೊಲ್ಲಾಪುರ ಇಲ್ಲಿಂದ ಐವತ್ತು ಕಿಲೋಮೀಟರಿನ ಸುಮಾರು! ಯಜಮಾನರು ಮಾತಾಡದೆ ಪಶ್ಚಿಮದ ರಸ್ತೆಗೆ ಸ್ಟೇರಿಂಗ್ ತಿರುಗಿಸಿದರು.